ಬೇಕೆಂದಾಗಲೆಲ್ಲ ಮರುಕಳಿಸುವ ಕರ್ನಲ್ ಕ್ರ್ಯಾಶ್: ಮಲೆನಾಡಿನ ಲಿನಕ್ಸ್ ಬಳಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಸಹಕಾರ ಸಂಘಗಳಲ್ಲಿ, ಅಡಿಕೆ ಮಂಡಿಗಳಲ್ಲಿ, ಕಾಲೇಜು ಪ್ರಯೋಗಾಲಯಗಳಲ್ಲಿ ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇರುತ್ತವೆ: ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಏನು ಮಾಡಲಿ? ಇಂಥದ್ದು ಮಾಡಿದರೆ ಕ್ರ್ಯಾಶ್ ಆಗಿಯೇ ತೀರುತ್ತದೆ ಎಂದು ನೀವು ಖಚಿತವಾಗಿ ಹೇಳಬಲ್ಲಿರಾದರೆ ಈ ಪುಟ ನಿಮಗಾಗಿ. ಅಂಥ ಕ್ರ್ಯಾಶ್ ಕೈಗೆ ಸಿಕ್ಕಿದವರು ಅದೃಷ್ಟವಂತರು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳಿಗೊಮ್ಮೆ ಕಾರಣವಿಲ್ಲದೆ ಬಂದು ಹೋಗುವ ಕ್ರ್ಯಾಶ್ ಹಿಂದೆ ಬಿದ್ದವರಿಗೆ ಈ ಮಾತು ಅರ್ಥವಾಗುತ್ತದೆ.

ಪ್ರೋಗ್ರಾಂ ಕ್ರ್ಯಾಶ್ ಆಗುವುದಕ್ಕೂ ಕರ್ನಲ್ ಕ್ರ್ಯಾಶ್ ಆಗುವುದಕ್ಕೂ ಏನು ವ್ಯತ್ಯಾಸ?

ಬಿಲ್ಲಿಂಗ್ ಪ್ರೋಗ್ರಾಂ ತನ್ನದಲ್ಲದ ಮೆಮೊರಿ ವಿಳಾಸವನ್ನು ಮುಟ್ಟಿದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದೊಂದನ್ನು ಕೊಂದು ಉಳಿದವನ್ನು ಕಾಪಾಡುತ್ತದೆ. ಕರ್ನಲ್ಲೇ ತಪ್ಪು ವಿಳಾಸ ಮುಟ್ಟಿದರೆ ಅದನ್ನು ಕಾಪಾಡಲು ಮೇಲೆ ಇನ್ನಾರೂ ಇಲ್ಲ. ಡಿಸ್ಕ್, ನೆಟ್‌ವರ್ಕ್, ಗ್ರಾಫಿಕ್ಸ್, ಯುಎಸ್‌ಬಿ ಡ್ರೈವರುಗಳಲ್ಲಿ (ಸಾಧನಗಳನ್ನು ನಡೆಸುವ ತಂತ್ರಾಂಶಗಳಲ್ಲಿ) ಬಹುಪಾಲು ಲಿನಕ್ಸ್ ಕರ್ನಲ್ ಒಳಗೇ ಓಡುತ್ತವೆ. ಹಾಗಾಗಿ ಅಗ್ಗದ ಒಂದು ಯುಎಸ್‌ಬಿ ಸಾಧನದ ಡ್ರೈವರಿನ ತಪ್ಪು ಇಡೀ ಯಂತ್ರವನ್ನು ಕೆಡವಬಲ್ಲದು.

ಊಪ್ಸ್, ಪ್ಯಾನಿಕ್, ಹ್ಯಾಂಗ್ ಇವೆಲ್ಲ ಒಂದೇ ಅಲ್ಲವೇ?

ಅಲ್ಲ. ಇವುಗಳನ್ನು ಬೇರೆ ಬೇರೆಯಾಗಿಯೇ ಬರೆದಿಡಿ, ಮುಂದೆ ಹುಡುಕುವ ದಾರಿ ಬೇರೆಯಾಗುತ್ತದೆ.

ಊಪ್ಸ್ ಎಂದರೆ ಕರ್ನಲ್ ಒಳಗೆ ತಪ್ಪು ನಡೆದು, ಆ ಹೊತ್ತಿಗೆ ಓಡುತ್ತಿದ್ದ ಪ್ರಕ್ರಿಯೆಯನ್ನು ಕೊಂದು, ಕರ್ನಲ್ ಹೇಗೋ ಮುಂದುವರಿದ ಸ್ಥಿತಿ. ಯಂತ್ರ ನಡೆಯುತ್ತಿರುವಂತೆ ಕಂಡರೂ ಒಳಗೆ, ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಬೀಗ ಹಾಕಿದ ಲಾಕ್‌ಗಳು ಹಾಗೆಯೇ ಉಳಿದಿರಬಹುದು. ಪ್ಯಾನಿಕ್ ಎಂದರೆ ಇನ್ನು ಮುಂದುವರಿಯುವುದು ಅಪಾಯವೆಂದು ಕರ್ನಲ್ ತಾನೇ ನಿಂತದ್ದು. ಇಂಟರಪ್ಟ್ (ನಡೆಯುತ್ತಿದ್ದ ಕೆಲಸವನ್ನು ತಡೆದು ಪ್ರೊಸೆಸರ್ ತುರ್ತಾಗಿ ಮಾಡುವ ಕೆಲಸ) ನಡೆಯುತ್ತಿರುವಾಗ ಊಪ್ಸ್ ಆದರೆ ಕೊಲ್ಲಲು ಪ್ರಕ್ರಿಯೆಯೇ ಇಲ್ಲದ ಕಾರಣ ಅದು ನೇರ ಪ್ಯಾನಿಕ್ ಆಗುತ್ತದೆ. ಹ್ಯಾಂಗ್‌ನಲ್ಲಿ ಸಂದೇಶವೇ ಇಲ್ಲದೆ ಎಲ್ಲವೂ ಸ್ತಬ್ಧ. ಹ್ಯಾಂಗ್ ಆದಾಗ ತಕ್ಷಣ ಪವರ್ ಗುಂಡಿ ಒತ್ತಬೇಡಿ, ಎರಡು ಮೂರು ನಿಮಿಷ ಕಾಯಿರಿ. ಒಂದು ಪ್ರೊಸೆಸರ್ ಕೋರ್ ಸುಮಾರು 20 ಸೆಕೆಂಡು ಕರ್ನಲ್ ಒಳಗೇ ಸಿಕ್ಕಿಕೊಂಡರೆ ಸಾಫ್ಟ್ ಲಾಕಪ್ ಎಚ್ಚರಿಕೆ ಬರುತ್ತದೆ. ಒಂದು ಪ್ರಕ್ರಿಯೆ 120 ಸೆಕೆಂಡು ಅಲುಗಾಡದಿದ್ದರೆ ಹಂಗ್ ಟಾಸ್ಕ್ ಎಚ್ಚರಿಕೆ ಬರುತ್ತದೆ, ನಿಮ್ಮ ವಿತರಣೆಯ (ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ರೂಪದ) ಕರ್ನಲ್‌ನಲ್ಲಿ ಅದು ಚಾಲೂ ಇದ್ದರೆ.

ಮರುಕಳಿಸುವ ಊಪ್ಸ್ ಹಿಂದೆ ಬಿದ್ದಿರುವಾಗ ‘ಪ್ಯಾನಿಕ್ ಆನ್ ಊಪ್ಸ್’ ಎಂಬ ಕರ್ನಲ್ ಸೆಟ್ಟಿಂಗನ್ನು 1 ಮಾಡಿಡಿ. ಮೊದಲ ಊಪ್ಸ್‌ಗೇ ಯಂತ್ರ ನಿಲ್ಲಬೇಕು. ಎರಡನೆಯದು, ಮೂರನೆಯದು ಮೊದಲನೆಯದರ ಪರಿಣಾಮಗಳು, ಅವುಗಳಿಂದ ದಾರಿ ತಪ್ಪುವುದೇ ಹೆಚ್ಚು.

ಓಎಸ್ ಹೊಸದಾಗಿ ಹಾಕಿಬಿಟ್ಟರೆ ಆಗುವುದಿಲ್ಲವೇ?

ದಯವಿಟ್ಟು ಹಾಗೆ ಮಾಡಬೇಡಿ. ಅದೇ ಕರ್ನಲ್, ಅದೇ ಡ್ರೈವರ್, ಅದೇ ಸಾಧನ ಮತ್ತೆ ಬಂದು ಕೂತರೆ ಅದೇ ಕ್ರ್ಯಾಶ್ ಬರುತ್ತದೆ. ಬಾರದಿದ್ದರೆ ಇನ್ನೂ ಕೆಟ್ಟದ್ದು: ಏನು ಬದಲಾದದ್ದರಿಂದ ಹೋಯಿತೆಂದು ಗೊತ್ತಿಲ್ಲ, ಮತ್ತೆ ಯಾವಾಗ ಬರುತ್ತದೆ ಎಂದೂ ಗೊತ್ತಿಲ್ಲ, ಸಾಕ್ಷ್ಯವೆಲ್ಲ ಅಳಿಸಿಹೋಗಿದೆ. ಬೇರೆ ಯಾರಿಗೋ ಇದೇ ತೊಂದರೆ ಇದ್ದರೆ ಅವರಿಗೂ ನಿಮ್ಮಿಂದ ಸಹಾಯವಾಗಲಿಲ್ಲ. ಕೆಲಸ ನಿಲ್ಲಬಾರದೆಂದರೆ ಬದಲಿ ಯಂತ್ರ ಇಟ್ಟು ಕೆಟ್ಟ ಯಂತ್ರವನ್ನು ಹಾಗೆಯೇ ಪಕ್ಕಕ್ಕಿಡಿ.

ಕರೆಂಟು ಹೋದ ಕೂಡಲೇ ಯಂತ್ರ ನಿಲ್ಲುತ್ತದೆ. ಯುಪಿಎಸ್ ಇದೆ, ಬ್ಯಾಟರಿಯೂ ಹೊಸದು. ಇದು ಕರ್ನಲ್ ದೋಷವಾಗಿರಲು ಸಾಧ್ಯವೇ?

ಸಾಧ್ಯ. ಇದಕ್ಕೆ ಒಂದು ನಿಜವಾದ ಪ್ರಕರಣವನ್ನೇ ವಿವರವಾಗಿ ಹೇಳುತ್ತೇನೆ, ಮುಂದಿನ ಹಲವು ಉತ್ತರಗಳಿಗೂ ಅದೇ ಉದಾಹರಣೆ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿ. ತೂಕದ ಯಂತ್ರದಿಂದ ಯುಎಸ್‌ಬಿ ಕೇಬಲ್ ನೇರ ಕಂಪ್ಯೂಟರಿಗೆ ಬರುತ್ತದೆ. ರಾಶಿ, ಬೆಟ್ಟೆ, ಗೊರಬಲು ಯಾವುದೇ ಮೂಟೆ ಇಟ್ಟರೂ ತೂಕ ತಾನಾಗಿಯೇ ಪರದೆಯ ಮೇಲೆ ಬೀಳುತ್ತದೆ. ಮಳೆಗಾಲ ಶುರುವಾದಾಗಿನಿಂದ ಕರೆಂಟು ಹೋದಾಗಲೆಲ್ಲ ಕಂಪ್ಯೂಟರ್ ನಿಂತುಹೋಗುತ್ತಿತ್ತು. ಎಲ್ಲರೂ ಯುಪಿಎಸ್ ಮೇಲೆ ಸಂಶಯಪಟ್ಟರು. ಬ್ಯಾಟರಿ ಬದಲಾಯಿತು, ಅರ್ತಿಂಗ್ ಪರೀಕ್ಷೆಯಾಯಿತು, ಯುಪಿಎಸ್ಸೇ ಬದಲಾಯಿತು. ಕ್ರ್ಯಾಶ್ ಹೋಗಲಿಲ್ಲ.

ಅಲ್ಲಿ ಗಮನಿಸಬೇಕಾದದ್ದು ಒಂದಿತ್ತು: ಕಂಪ್ಯೂಟರಿನ ಫ್ಯಾನ್ ತಿರುಗುತ್ತಲೇ ಇತ್ತು, ಪರದೆಯ ಚಿತ್ರ ಹಾಗೆಯೇ ನಿಂತಿತ್ತು. ವಿದ್ಯುತ್ ಕಡಿತವಾದ ಯಂತ್ರ ಹಾಗಿರುವುದಿಲ್ಲ, ಅದು ಪೂರ್ತಿ ಆರಿಹೋಗುತ್ತದೆ. ಅಂದರೆ ಯುಪಿಎಸ್ ತನ್ನ ಕೆಲಸ ಮಾಡುತ್ತಿತ್ತು. ಕರೆಂಟು ಹೋದಾಗ ಆ ಕೋಣೆಯಲ್ಲಿ ಮತ್ತೇನೇನು ಆರುತ್ತದೆ ಎಂದು ಪಟ್ಟಿ ಮಾಡಿದೆವು. ದೀಪ, ಫ್ಯಾನು, ರೂಟರ್, ಜೊತೆಗೆ ತೂಕದ ಯಂತ್ರ. ಅದರ ಒಳಬ್ಯಾಟರಿ ಎಂದೋ ಹೋಗಿತ್ತು, ಅದು ಯುಪಿಎಸ್‌ಗೂ ಸೇರಿರಲಿಲ್ಲ. ಕರೆಂಟು ಇರುವಾಗಲೇ ಒಂದೊಂದನ್ನಾಗಿ ಆರಿಸಿದೆವು. ರೂಟರ್ ಆರಿಸಿದರೆ ಏನೂ ಆಗಲಿಲ್ಲ. ತೂಕದ ಯಂತ್ರದ ಸ್ವಿಚ್ ಆರಿಸಿದ ಕ್ಷಣವೇ ಕಂಪ್ಯೂಟರ್ ನಿಂತಿತು.

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಮೊದಲು ಮಳೆ, ಗಾಳಿ, ಕರೆಂಟು ಎಲ್ಲ ಕೂಡಿ ಬರುವವರೆಗೆ ಕಾಯಬೇಕಿತ್ತು. ಈಗ ಒಂದು ಸ್ವಿಚ್ ಸಾಕು.

ಕ್ರ್ಯಾಶ್ ಆಗುವ ಕ್ರಮವನ್ನು ಚಿಕ್ಕದು ಮಾಡುವುದು ಎಂದರೆ ಏನು? ಎಲ್ಲಿಯವರೆಗೆ ಚಿಕ್ಕದು ಮಾಡಬೇಕು?

ಇನ್ನೊಂದು ಹೆಜ್ಜೆ ತೆಗೆದರೆ ಕ್ರ್ಯಾಶ್ ಬರುವುದಿಲ್ಲ ಎನ್ನುವವರೆಗೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಪ್ರತಿ ಸಲವೂ ಫಲಿತಾಂಶವನ್ನು ಕಾಗದದ ಮೇಲೆ ಬರೆಯಿರಿ. ಮಂಡಿಯ ಯಂತ್ರದಲ್ಲಿ ಕೇಳಿಕೊಂಡ ಪ್ರಶ್ನೆಗಳು ಹೀಗಿದ್ದವು. ಸ್ವಿಚ್ ಆರಿಸುವ ಬದಲು ಕೇಬಲ್ ಕಿತ್ತರೂ ಕ್ರ್ಯಾಶ್ ಆಗುತ್ತದೆಯೇ? ಆಗುತ್ತದೆ, ಅಂದರೆ ವಿದ್ಯುತ್ತಿನ ಏರಿಳಿತಕ್ಕೆ ಇದರಲ್ಲಿ ಪಾತ್ರವಿಲ್ಲ. ತೂಕದ ಪ್ರೋಗ್ರಾಂ ತೆರೆಯದೇ ಇದ್ದಾಗ ಕಿತ್ತರೆ? ಆಗುವುದಿಲ್ಲ. ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ಕಿತ್ತರೆ? ಆಗುತ್ತದೆ. ಪ್ರೋಗ್ರಾಂ ಬದಲು, ತೂಕದ ಯಂತ್ರ ಲಿನಕ್ಸಿಗೆ ಕಾಣುವ ಸೀರಿಯಲ್ ಪೋರ್ಟನ್ನು ‘ಕ್ಯಾಟ್’ ಆದೇಶದಿಂದ ಸುಮ್ಮನೆ ತೆರೆದಿಟ್ಟು ಕಿತ್ತರೆ? ಆಗುತ್ತದೆ. ಇಷ್ಟಾದ ಮೇಲೆ ಬಿಲ್ಲಿಂಗ್ ಪ್ರೋಗ್ರಾಂ, ಅದರ ಡೇಟಾಬೇಸ್, ಪ್ರಿಂಟರ್, ಗ್ರಾಫಿಕಲ್ ಪರದೆ ಯಾವುದೂ ಬೇಡವಾಯಿತು. ಉಳಿದದ್ದು ಎರಡೇ ಹೆಜ್ಜೆ: ಪೋರ್ಟ್ ತೆರೆ, ಕೇಬಲ್ ಕೀಳು.

ನಿಮ್ಮ ಕ್ರ್ಯಾಶ್‌ಗೆ ನಿರ್ದಿಷ್ಟ ಯಂತ್ರಾಂಶ ಬೇಕಿಲ್ಲವಾದರೆ, ಫೈಲ್‌ಸಿಸ್ಟಮ್ ಅಥವಾ ನೆಟ್‌ವರ್ಕ್ ಪ್ರೋಟೊಕಾಲ್‌ಗೆ ಸಂಬಂಧಿಸಿದ್ದಾದರೆ, ಅದನ್ನು ಕ್ಯೂಇಎಂಯು ವರ್ಚುವಲ್ ಯಂತ್ರದೊಳಗೆ (ತಂತ್ರಾಂಶದಿಂದಲೇ ಕಟ್ಟಿದ ಕಂಪ್ಯೂಟರಿನೊಳಗೆ) ಮರುಕಳಿಸಲು ಯತ್ನಿಸಿ. ಅಲ್ಲಿ ಬಂದರೆ ಮುಂದಿನ ಕೆಲಸವೆಲ್ಲ ಹಗುರ. ಯಂತ್ರ ಬಿದ್ದರೂ ನಿಮ್ಮ ಲ್ಯಾಪ್‌ಟಾಪ್ ಬೀಳುವುದಿಲ್ಲ, ಸಂದೇಶಗಳು ನೇರ ಒಂದು ಕಡತಕ್ಕೆ ಬಂದು ಬೀಳುತ್ತವೆ.

ನಮ್ಮ ಕಡೆಯ ತೇವಕ್ಕೆ ಯಂತ್ರಾಂಶವೇ ಕೆಟ್ಟಿರಬಹುದಲ್ಲವೇ?

ಇರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಹವೆಯಲ್ಲಿ ರ್‍ಯಾಮ್ ಕಡ್ಡಿಯ ಸಂಪರ್ಕಗಳು ಮಸುಕಾಗುವುದು, ಸಿಡಿಲಿಗೆ ನೆಟ್‌ವರ್ಕ್ ಪೋರ್ಟ್ ಸುಟ್ಟುಹೋಗುವುದು ನಾವೆಲ್ಲ ಕಂಡದ್ದೇ. ಆದರೆ ಊಹೆಯಿಂದ ಯಂತ್ರಾಂಶದ ಮೇಲೆ ತಪ್ಪು ಹೊರಿಸಬೇಡಿ, ಪರೀಕ್ಷೆ ಮಾಡಿ. ಮೆಮ್‌ಟೆಸ್ಟ್ 86 ಪ್ಲಸ್ ಎಂಬ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಅನ್ನು ಯುಎಸ್‌ಬಿಯಿಂದ ಬೂಟ್ ಮಾಡಿ ಇಡೀ ರಾತ್ರಿ ಓಡಿಸಿ. ಒಂದೇ ಒಂದು ದೋಷ ಬಂದರೂ ಆ ರ್‍ಯಾಮ್ ತೆಗೆದಿಡುವವರೆಗೆ ಬೇರಾವ ತನಿಖೆಗೂ ಅರ್ಥವಿಲ್ಲ. ಪ್ರೊಸೆಸರ್ ತಾನೇ ವರದಿ ಮಾಡುವ ಮಷೀನ್ ಚೆಕ್ ದೋಷಗಳನ್ನು ‘ರಾಸ್‌ಡೀಮನ್’ ದಾಖಲಿಸುತ್ತದೆ, ಅದನ್ನೂ ನೋಡಿ.

ಒಂದು ಒಳ್ಳೆಯ ಸೂಚನೆ ಇದೆ. ಕ್ರ್ಯಾಶ್ ಸಂದೇಶ ಪ್ರತಿ ಸಲ ಬೇರೆ ಬೇರೆ ಜಾಗವನ್ನು ತೋರಿಸಿದರೆ, ಒಮ್ಮೆ ಫೈಲ್‌ಸಿಸ್ಟಮ್, ಇನ್ನೊಮ್ಮೆ ನೆಟ್‌ವರ್ಕ್ ಎಂದಾದರೆ, ಯಂತ್ರಾಂಶದ ಕಡೆ ಮೊದಲು ನೋಡಿ. ಒಂದೇ ಕೆಲಸಕ್ಕೆ ಒಂದೇ ಫಂಕ್ಷನ್‌ನಲ್ಲಿ ಬೀಳುತ್ತಿದ್ದರೆ ತಂತ್ರಾಂಶದ ದೋಷವಾಗಿರುವ ಸಂಭವವೇ ಹೆಚ್ಚು. ಅದೇ ಕ್ರಮ ಎರಡನೆಯ ಯಂತ್ರದಲ್ಲೂ ಕ್ರ್ಯಾಶ್ ತಂದರೆ ಸಂಶಯ ಬಹುತೇಕ ಪರಿಹಾರವಾದಂತೆ.

ಪರದೆಯಲ್ಲಿ ಏನೂ ಕಾಣುವುದಿಲ್ಲ. ಕ್ರ್ಯಾಶ್ ಸಂದೇಶವನ್ನು ಹಿಡಿಯುವುದು ಹೇಗೆ?

ಗ್ರಾಫಿಕಲ್ ಪರದೆಯ ಹಿಂದೆ ಸಂದೇಶ ಅಡಗಿರುತ್ತದೆ. ಕ್ರ್ಯಾಶ್ ತರಿಸುವ ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರಗಳ ಕನ್ಸೋಲಿಗೆ ಹೋಗಿ, ಅಲ್ಲಿಂದ ತರಿಸಿ. ಪರದೆಯಲ್ಲಿ ಬಂದದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ವಿಡಿಯೊ ಆದರೆ ಇನ್ನೂ ಒಳ್ಳೆಯದು, ಮೇಲಕ್ಕೆ ಸರಿದುಹೋದ ಸಾಲುಗಳೂ ಸಿಗುತ್ತವೆ. 2024ರಲ್ಲಿ ಬಂದ 6.10ನೇ ಕರ್ನಲ್‌ನಿಂದ ಕೆಲವು ಗ್ರಾಫಿಕ್ಸ್ ಡ್ರೈವರುಗಳಲ್ಲಿ ಪ್ಯಾನಿಕ್ ಆದಾಗ ಸಂದೇಶ ತೋರಿಸುವ ಪರದೆ ಬಂದಿದೆ. 6.12ರಲ್ಲಿ ಅದನ್ನೇ ಕ್ಯೂಆರ್ ಕೋಡ್ ರೂಪದಲ್ಲಿ ತೋರಿಸುವ ಸೌಲಭ್ಯವೂ ಸೇರಿತು.

ಮರಳಿ ಬೂಟ್ ಆದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟು ಹಿಂದಿನ ಬೂಟಿನ ಕರ್ನಲ್ ಸಂದೇಶಗಳನ್ನು ನೋಡಿ. ಊಪ್ಸ್ ಆಗಿದ್ದರೆ ಸಿಗಬಹುದು. ಪ್ಯಾನಿಕ್ ಆಗಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಡಿಸ್ಕಿಗೆ ಬರೆಯಬೇಕಾದ ಕರ್ನಲ್ಲೇ ನಿಂತುಹೋಗಿರುತ್ತದೆ. ಯುಇಎಫ್‌ಐ (ಬಯಾಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಇರುವ ಹಲವು ಯಂತ್ರಗಳಲ್ಲಿ ‘ಪಿಸ್ಟೋರ್’ ಎಂಬ ವ್ಯವಸ್ಥೆ ಕೊನೆಯ ಸಂದೇಶಗಳನ್ನು ಮದರ್‌ಬೋರ್ಡಿನ ಶಾಶ್ವತ ಸ್ಮೃತಿಯಲ್ಲಿ ಉಳಿಸಿರುತ್ತದೆ. ಸಿಸ್ಟಮ್‌ಡಿ ಇರುವ ಕಡೆ ಅವು ‘ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್’ ಕಡತಕೋಶಕ್ಕೆ ಬಂದು ಸೇರುತ್ತವೆ. ಹೆಚ್ಚಿನವರು ಅಲ್ಲಿ ನೋಡುವುದೇ ಇಲ್ಲ. ಮೊದಲು ಅಲ್ಲಿ ನೋಡಿ.

ನನಗೆ ಹೆಚ್ಚು ಇಷ್ಟವಾದದ್ದು ನೆಟ್‌ಕನ್ಸೋಲ್. ಕರ್ನಲ್ ತನ್ನ ಸಂದೇಶಗಳನ್ನು ಯುಡಿಪಿ ಪ್ಯಾಕೆಟ್‌ಗಳಾಗಿ ಪಕ್ಕದ ಯಂತ್ರಕ್ಕೆ ಕಳಿಸುತ್ತದೆ, ಅಲ್ಲಿ ನೆಟ್‌ಕ್ಯಾಟ್ ಎಂಬ ಪುಟ್ಟ ಉಪಕರಣ ಕಿವಿಗೊಟ್ಟು ಕೂತಿರುತ್ತದೆ. ಬೇರೇನೂ ಹೇಳದಿದ್ದರೆ ಸಂದೇಶಗಳು 6666ನೇ ಪೋರ್ಟಿಗೆ ಹೋಗುತ್ತವೆ. ವೈಫೈ ನಂಬಬೇಡಿ, ತಂತಿಯ ನೆಟ್‌ವರ್ಕ್ ಬೇಕು. ಕರ್ನಲ್ ಸಂದೇಶಗಳ ಮಟ್ಟವನ್ನು 8ಕ್ಕೆ ಏರಿಸಿಕೊಳ್ಳಿ, ಇಲ್ಲವಾದರೆ ಮುಖ್ಯ ಸಾಲುಗಳು ಬಾರದೇ ಹೋಗಬಹುದು. ಹಳೆಯ ಯಂತ್ರಗಳಲ್ಲಿ ನಿಜವಾದ ಸೀರಿಯಲ್ ಪೋರ್ಟ್ ಇದ್ದರೆ ಅದಕ್ಕಿಂತ ನಂಬಿಕಸ್ಥ ಮಾರ್ಗ ಇನ್ನೊಂದಿಲ್ಲ. ಬೂಟ್ ಸಾಲಿನಲ್ಲಿ ಕನ್ಸೋಲನ್ನು ಮೊದಲ ಸೀರಿಯಲ್ ಪೋರ್ಟಿಗೆ, 115200 ವೇಗಕ್ಕೆ ತಿರುಗಿಸಿದರೆ ಸಾಕು.

ಕೆಡಂಪ್ ಬೇಕೇ? ಅದು ದೊಡ್ಡ ಸರ್ವರ್‌ಗಳಿಗಲ್ಲವೇ?

ಕ್ರ್ಯಾಶ್ ಆದ ಕ್ಷಣದ ಮೆಮೊರಿಯನ್ನು ಉಳಿಸಿಡುವ ಈ ವ್ಯವಸ್ಥೆಯನ್ನು 4 ಜಿಬಿ ರ್‍ಯಾಮ್ ಇರುವ ಸಾಧಾರಣ ಯಂತ್ರಕ್ಕೂ ಹಾಕಬಹುದು. ಬೂಟ್ ಆಗುವಾಗಲೇ 256 ಎಂಬಿಯಷ್ಟು ಮೆಮೊರಿಯನ್ನು ಬೇರೆಯಾಗಿ ತೆಗೆದಿಟ್ಟು, ಅದರಲ್ಲಿ ಎರಡನೆಯ ಪುಟ್ಟ ಕರ್ನಲ್ ತುಂಬಿಡಲಾಗುತ್ತದೆ. ಮೊದಲ ಕರ್ನಲ್ ಪ್ಯಾನಿಕ್ ಆದ ಕೂಡಲೇ ನಿಯಂತ್ರಣ ಅದಕ್ಕೆ ಹೋಗುತ್ತದೆ. ಅದು ಸತ್ತ ಕರ್ನಲ್‌ನ ಮೆಮೊರಿಯನ್ನು ಡಿಸ್ಕಿಗೆ ಬರೆದು ಯಂತ್ರವನ್ನು ರೀಬೂಟ್ ಮಾಡುತ್ತದೆ. ಆ ಕಡತವನ್ನು ‘ಕ್ರ್ಯಾಶ್’ ಎಂಬ ಉಪಕರಣದಲ್ಲಿ ತೆರೆದು ‘ಲಾಗ್’, ‘ಬಿಟಿ’ ಆದೇಶಗಳನ್ನು ಕೊಟ್ಟರೆ ಕೊನೆಯ ಕ್ಷಣದ ಪೂರ್ಣ ಚಿತ್ರ ಸಿಗುತ್ತದೆ. ಸರಿಯಾಗಿ ಅದೇ ಕರ್ನಲ್ ಆವೃತ್ತಿಯ ಡೀಬಗ್ ಮಾಹಿತಿಯ ಪ್ಯಾಕೇಜ್ ಜೊತೆಗಿರಬೇಕು.

ಹಾಕಿದ ಮೇಲೆ ಪರೀಕ್ಷಿಸದೆ ಬಿಡಬೇಡಿ. ‘ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್’ ಕಡತಕ್ಕೆ ‘ಸಿ’ ಎಂಬ ಒಂದಕ್ಷರ ಬರೆದರೆ ಕರ್ನಲ್ ತಾನಾಗಿ ಕ್ರ್ಯಾಶ್ ಆಗುತ್ತದೆ. ಕಡತಗಳನ್ನೆಲ್ಲ ಉಳಿಸಿ, ಬೇರೆಯವರು ಲಾಗಿನ್ ಆಗಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಮಾಡಿ.

ಸಂದೇಶ ಸಿಕ್ಕಿತು. ಈ ಸಂಖ್ಯೆಗಳ ರಾಶಿಯಲ್ಲಿ ಎಲ್ಲಿಂದ ಓದಲು ಶುರುಮಾಡಲಿ?

ಮೊದಲ ಸಾಲಿನಿಂದ. ಅದು ತಪ್ಪಿನ ಬಗೆಯನ್ನು ಹೇಳುತ್ತದೆ. ನಲ್ ಪಾಯಿಂಟರ್ ಎಂದು ಹೇಳಿ 0000000000000008 ಎಂಬ ವಿಳಾಸ ತೋರಿಸಿದರೆ, ಖಾಲಿ ಪಾಯಿಂಟರ್ (ಎಲ್ಲಿಗೂ ತೋರಿಸದ ಮೆಮೊರಿ ವಿಳಾಸ) ಒಂದರಿಂದ 8 ಬೈಟ್ ದೂರದಲ್ಲಿರುವ ಸದಸ್ಯವನ್ನು ಓದಲು ಹೋದದ್ದು ಎಂದರ್ಥ. ಯಾವ ಸ್ಟ್ರಕ್ಚರಿನಲ್ಲಿ (ಮಾಹಿತಿಯ ಕಟ್ಟಿನಲ್ಲಿ) ಎಂಟನೆಯ ಬೈಟಿನಲ್ಲಿ ಏನಿದೆ ಎಂದು ನೋಡಿದರೆ ಎಷ್ಟೋ ಸಲ ಅಲ್ಲೇ ಉತ್ತರ ಇರುತ್ತದೆ.

ಆಮೇಲೆ ‘ಆರ್‌ಐಪಿ’ ಎಂದು ಆರಂಭವಾಗುವ, ಪ್ರೊಸೆಸರ್ ಎಲ್ಲಿ ಎಡವಿತು ಎಂದು ಹೇಳುವ ಸಾಲು. ಅಲ್ಲಿ ಫಂಕ್ಷನ್ ಹೆಸರಿನ ಮುಂದೆ ‘+42/90’ ಎಂಬಂಥ ಎರಡು ಸಂಖ್ಯೆಗಳಿರುತ್ತವೆ, ಹದಿನಾರರ ಆಧಾರದವು. ಮೊದಲನೆಯದು ಫಂಕ್ಷನ್ ಒಳಗೆ ಎಷ್ಟು ಬೈಟ್ ದೂರದಲ್ಲಿ ಬಿದ್ದಿತು ಎಂಬುದು, ಎರಡನೆಯದು ಫಂಕ್ಷನ್‌ನ ಒಟ್ಟು ಉದ್ದ. ಕರ್ನಲ್ ಮೂಲದಲ್ಲಿರುವ ‘ಡಿಕೋಡ್ ಸ್ಟ್ಯಾಕ್‌ಟ್ರೇಸ್’ ಸ್ಕ್ರಿಪ್ಟಿಗೆ ಇದನ್ನು ಕೊಟ್ಟರೆ ಕಡತದ ಹೆಸರು, ಸಾಲಿನ ಸಂಖ್ಯೆ ಬರುತ್ತದೆ. ಕೆಳಗಿನ ‘ಕಾಲ್ ಟ್ರೇಸ್’ ಯಾರು ಯಾರನ್ನು ಕರೆದರು ಎಂಬ ಸರಣಿ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳನ್ನು ನಂಬಬೇಡಿ, ಅವು ಸ್ಟ್ಯಾಕಿನಲ್ಲಿ ಉಳಿದ ಹಳೆಯ ಗುರುತುಗಳಾಗಿರಬಹುದು.

ಒಂದು ಎಚ್ಚರಿಕೆ ಮುಖ್ಯ: ಬಿದ್ದ ಜಾಗ ತಪ್ಪಿನ ಜಾಗವೇ ಆಗಿರಬೇಕೆಂದಿಲ್ಲ. ಮಂಡಿಯ ಯಂತ್ರ ಪ್ರತಿ ಸಲವೂ ಬಿದ್ದದ್ದು ಕರ್ನಲ್‌ನ ಟೈಮರ್ ವ್ಯವಸ್ಥೆಯ ಸಂಕೇತದಲ್ಲಿ (ಕೋಡಿನಲ್ಲಿ). ಟೈಮರ್ ಸಂಕೇತ ಪ್ರಪಂಚದ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಕ್ಷಣಕ್ಷಣಕ್ಕೂ ಓಡುತ್ತಿರುತ್ತದೆ. ಅಲ್ಲಿ ಅಷ್ಟು ಸುಲಭದ ದೋಷ ಇದ್ದರೆ ತೀರ್ಥಹಳ್ಳಿಯಲ್ಲಿ ಮೊದಲು ಕಾಣುವುದಿಲ್ಲ. ಅಂದರೆ ಬೇರೆ ಯಾರೋ ಹಾಳು ಮಾಡಿಟ್ಟ ಮೆಮೊರಿಯನ್ನು ಟೈಮರ್ ಸಂಕೇತ ಎಡವಿತು.

‘ಟೇಂಟೆಡ್’ ಎಂದು ಬರೆದಿದೆ. ಅದರ ಮುಂದೆ ಕೆಲವು ಅಕ್ಷರಗಳಿವೆ. ಏನು ಅರ್ಥ?

ಕರ್ನಲ್ ಶುದ್ಧ ಸ್ಥಿತಿಯಲ್ಲಿಲ್ಲ ಎಂದು. ‘ಪಿ’ ಎಂದರೆ ಮೂಲ ಸಂಕೇತ ಮುಚ್ಚಿದ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಣುಕು) ಇದೆ, ‘ಓ’ ಎಂದರೆ ಕರ್ನಲ್‌ನ ಅಧಿಕೃತ ಮೂಲದ ಹೊರಗಿನ ಮಾಡ್ಯೂಲ್ ಇದೆ, ‘ಡಬ್ಲ್ಯೂ’ ಎಂದರೆ ಮುಂಚೆಯೇ ಒಂದು ಎಚ್ಚರಿಕೆ ಬಂದಿದೆ, ‘ಡಿ’ ಎಂದರೆ ಆಗಲೇ ಒಂದು ಊಪ್ಸ್ ಆಗಿದೆ, ‘ಎಂ’ ಎಂದರೆ ಪ್ರೊಸೆಸರ್ ಮಷೀನ್ ಚೆಕ್ ದೋಷ ಹೇಳಿದೆ. ‘ಡಿ’ ಕಂಡರೆ ಹಿಂದಕ್ಕೆ ಹೋಗಿ ಮೊದಲ ಊಪ್ಸ್ ಹುಡುಕಿ. ‘ಪಿ’ ಅಥವಾ ‘ಓ’ ಕಂಡರೆ ಆ ಮಾಡ್ಯೂಲ್ ಇಲ್ಲದೆ ಬೂಟ್ ಮಾಡಿ ಮತ್ತೆ ಅದೇ ಕ್ರಮ ಮಾಡಿ ನೋಡಿ.

ಮಂಡಿಯ ಯಂತ್ರದ ಸಂದೇಶದಲ್ಲಿ ‘ಓ’ ಇತ್ತು. ತೂಕದ ಯಂತ್ರದ ಜೊತೆ ಬಂದ ಸಿಡಿಯಲ್ಲಿದ್ದ ಡ್ರೈವರನ್ನು ಯಾರೋ ಹಿಂದೆ ಹಾಕಿದ್ದರು.

ದೋಷ ಎಲ್ಲಿ ಹುಟ್ಟುತ್ತದೆ ಎಂದು ಹಿಡಿಯಲು ಕರ್ನಲ್ಲೇ ಸಹಾಯ ಮಾಡುತ್ತದೆಯೇ?

ಬಹಳ ಮಾಡುತ್ತದೆ, ನಾವು ಕೇಳುವುದು ಕಡಿಮೆ.

ಎಲ್ಲಕ್ಕಿಂತ ಸುಲಭದ್ದು ಬೂಟ್ ಸಾಲಿಗೆ ‘ಸ್ಲಬ್ ಡೀಬಗ್’ ಆಯ್ಕೆ ಸೇರಿಸುವುದು, ಕರ್ನಲ್ ಮತ್ತೆ ಕಟ್ಟುವ (ಮೂಲ ಸಂಕೇತದಿಂದ ಕಂಪೈಲ್ ಮಾಡುವ) ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆಗ ಬಿಟ್ಟುಕೊಟ್ಟ ಮೆಮೊರಿಯನ್ನು ಕರ್ನಲ್ 6ಬಿ ಎಂಬ ಬೈಟಿನಿಂದ ತುಂಬುತ್ತದೆ. ಮಂಡಿಯ ಯಂತ್ರದಲ್ಲಿ ಇದನ್ನು ಹಾಕಿ ಕೇಬಲ್ ಕಿತ್ತಾಗ ರಿಜಿಸ್ಟರುಗಳ ಸಾಲಿನಲ್ಲಿ 6ಬಿ6ಬಿ6ಬಿ6ಬಿ6ಬಿ6ಬಿ6ಬಿ6ಬಿ ಎಂದು ಸ್ಪಷ್ಟವಾಗಿ ಬಂತು. ಆ ಮಾದರಿ ಕಂಡರೆ ಯಾರೋ ಬಿಟ್ಟುಕೊಟ್ಟ ಮೆಮೊರಿಯನ್ನು ಇನ್ನಾರೋ ಇನ್ನೂ ಬಳಸುತ್ತಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಬಿಟ್ಟುಕೊಟ್ಟವರು ಯಾರು ಎಂದು ಹೇಳುವುದು ಕೇಸನ್. 2015ರಲ್ಲಿ 4.0ನೇ ಕರ್ನಲ್ ಜೊತೆ ಬಂದ ಈ ಪತ್ತೆದಾರಿ ಉಪಕರಣಕ್ಕೆ ಕರ್ನಲನ್ನು ಮತ್ತೆ ಕಟ್ಟಬೇಕು. ಅದರ ಸಾಮಾನ್ಯ ರೂಪ ಎಂಟನೇ ಒಂದು ಭಾಗ ಮೆಮೊರಿಯನ್ನು ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ, ಯಂತ್ರ ನಿಧಾನವಾಗುತ್ತದೆ. ಬದಲಿಗೆ ಮೂರು ಸರಣಿಗಳನ್ನು ಕೊಡುತ್ತದೆ: ತಪ್ಪಾಗಿ ಮುಟ್ಟಿದವರು, ಆ ಮೆಮೊರಿಯನ್ನು ಪಡೆದವರು, ಅದನ್ನು ಬಿಟ್ಟುಕೊಟ್ಟವರು. ನಮ್ಮ ಪ್ರಕರಣದಲ್ಲಿ ಮೂರನೆಯ ಸರಣಿಯಲ್ಲಿ ಸಿಡಿಯ ಡ್ರೈವರಿನ ಡಿಸ್‌ಕನೆಕ್ಟ್ ಫಂಕ್ಷನ್ ಇತ್ತು. ಪೋರ್ಟ್ ತೆರೆದಾಗ ಅದು ತೂಕ ಓದಲು ಒಂದು ಟೈಮರ್ ಶುರುಮಾಡುತ್ತಿತ್ತು. ಕೇಬಲ್ ಕಿತ್ತಾಗ ಆ ಟೈಮರ್ ನಿಲ್ಲಿಸದೆ, ಟೈಮರ್ ಇದ್ದ ಮೆಮೊರಿಯನ್ನೇ ಬಿಟ್ಟುಕೊಡುತ್ತಿತ್ತು. ಪ್ರೋಗ್ರಾಂ ತೆರೆಯದಿದ್ದರೆ ಏಕೆ ಕ್ರ್ಯಾಶ್ ಆಗುತ್ತಿರಲಿಲ್ಲ, ಟೈಮರ್ ಸಂಕೇತದಲ್ಲೇ ಏಕೆ ಬೀಳುತ್ತಿತ್ತು, ಊಪ್ಸ್ ಆಗದೆ ನೇರ ಪ್ಯಾನಿಕ್ ಏಕೆ ಆಗುತ್ತಿತ್ತು, ಎಲ್ಲಕ್ಕೂ ಇದೊಂದೇ ಉತ್ತರ. ಟೈಮರ್ ಓಡುವುದು ಇಂಟರಪ್ಟ್ ಸನ್ನಿವೇಶದಲ್ಲಿ. ಕಂಡ ಎಲ್ಲ ಲಕ್ಷಣಗಳನ್ನೂ ವಿವರಿಸದ ಕಾರಣವನ್ನು ಕಾರಣವೆಂದು ಒಪ್ಪಬೇಡಿ.

ಲಾಕ್‌ಗಳ ಕ್ರಮ ತಪ್ಪಿ ಹ್ಯಾಂಗ್ ಆಗುವ ಸಂಶಯವಿದ್ದರೆ ಲಾಕ್‌ಡೆಪ್ ಇದೆ. ಎರಡು ಲಾಕ್‌ಗಳನ್ನು ಉಲ್ಟಾ ಕ್ರಮದಲ್ಲಿ ಹಿಡಿದದ್ದನ್ನು ಅದು ನಿಜವಾದ ಹ್ಯಾಂಗ್ ಆಗುವ ಮೊದಲೇ ಹೇಳುತ್ತದೆ.

ಹಳೆಯ ಕರ್ನಲ್‌ನಲ್ಲಿ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಕ್ರ್ಯಾಶ್. ಯಾವ ಬದಲಾವಣೆಯಿಂದ ಎಂದು ಕಂಡುಹಿಡಿಯಬಹುದೇ?

ಖಂಡಿತ. ಮರುಕಳಿಸುವ ಕ್ರ್ಯಾಶ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಮೂಲ ಸಂಕೇತದ ಬದಲಾವಣೆಗಳ ಇತಿಹಾಸ ಇಡುವ ಉಪಕರಣ ಗಿಟ್. ಅದರ ಗಿಟ್ ಬೈಸೆಕ್ಟ್ ಎಂಬ ಆದೇಶಕ್ಕೆ ಒಳ್ಳೆಯ ಆವೃತ್ತಿ ಯಾವುದು, ಕೆಟ್ಟದ್ದು ಯಾವುದು ಎಂದು ಹೇಳಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ಕಟ್ಟಿ, ಬೂಟ್ ಮಾಡಿ, ಪರೀಕ್ಷಿಸಿ, ಒಳ್ಳೆಯದೋ ಕೆಟ್ಟದ್ದೋ ಹೇಳಬೇಕು. ತೋಟದ ಡ್ರಿಪ್ ಪೈಪಿನಲ್ಲಿ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಲು ನಡುವಿನ ಜಾಯಿಂಟ್ ಬಿಚ್ಚುತ್ತೇವಲ್ಲ, ಅಲ್ಲಿಯವರೆಗೆ ನೀರು ಬಂದರೆ ಮುಂದಿನ ಅರ್ಧ, ಬಾರದಿದ್ದರೆ ಹಿಂದಿನ ಅರ್ಧ, ಹಾಗೆಯೇ. ಒಂದು ಕರ್ನಲ್ ಬಿಡುಗಡೆಯಿಂದ ಮುಂದಿನದಕ್ಕೆ 9 ಅಥವಾ 10 ವಾರ, ಅಷ್ಟರಲ್ಲಿ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಸೇರುತ್ತವೆ. 16,384 ಬದಲಾವಣೆಗಳಿದ್ದರೂ 14 ಹೆಜ್ಜೆಯಲ್ಲಿ ಒಂದಕ್ಕೆ ಇಳಿಯುತ್ತದೆ.

‘ಕೆಟ್ಟದ್ದು’ ಎಂದು ಹೇಳುವುದು ಸುಲಭ, ಕ್ರ್ಯಾಶ್ ಕಣ್ಣ ಮುಂದೆ ಇರುತ್ತದೆ. ‘ಒಳ್ಳೆಯದು’ ಎಂದು ಹೇಳುವಾಗ ಜಾಗ್ರತೆ ಬೇಕು. ಎರಡರಲ್ಲಿ ಒಂದು ಸಲ ಮಾತ್ರ ಬರುವ ಕ್ರ್ಯಾಶ್ ಆದರೆ, ಒಂದು ಸಲ ಬಾರದಿದ್ದಕ್ಕೆ ಒಳ್ಳೆಯದು ಎಂದುಬಿಟ್ಟರೆ ತಪ್ಪಾಗುವ ಸಂಭವ ಅರ್ಧಕ್ಕರ್ಧ. ಐದು ಸಲ ಪರೀಕ್ಷಿಸಿಯೂ ಬಾರದಿದ್ದರೆ ತಪ್ಪುವ ಸಂಭವ 32ರಲ್ಲಿ 1. ಒಂದು ತಪ್ಪು ಉತ್ತರ ಮುಂದಿನ ಎಲ್ಲ ಹೆಜ್ಜೆಗಳನ್ನೂ ಹಾಳುಮಾಡುತ್ತದೆ. ಕಟ್ಟಲು ಬಾರದ ಅಥವಾ ಬೇರೆ ಕಾರಣಕ್ಕೆ ಬೂಟ್ ಆಗದ ಆವೃತ್ತಿ ಸಿಕ್ಕರೆ ಊಹಿಸಬೇಡಿ, ‘ಸ್ಕಿಪ್’ ಹೇಳಿ.

ನಮ್ಮ ಊರಿನ ಇಂಟರ್ನೆಟ್ಟಿನಲ್ಲಿ ಇಷ್ಟು ದೊಡ್ಡ ಮೂಲ ಸಂಕೇತ ತರಿಸುವುದು, ಕರೆಂಟು ಹೋಗುತ್ತಾ ಬರುತ್ತಾ ಇರುವಾಗ ಕರ್ನಲ್ ಕಟ್ಟುವುದು ಸಾಧ್ಯವೇ?

ಸಾಧ್ಯ. 2005ರಿಂದ ಈಚಿನ ಪೂರ್ಣ ಇತಿಹಾಸ ಹಲವು ಜಿಬಿ ಆಗುತ್ತದೆ, ಗಿಟ್ ಕ್ಲೋನ್ (ಪೂರ್ತಿ ಪ್ರತಿ ಇಳಿಸಿಕೊಳ್ಳುವುದು) ನಡುವೆ ತುಂಡಾದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೆ ಕರ್ನಲ್ ಡಾಟ್ ಆರ್ಗ್‌ನವರು ಇಡೀ ಇತಿಹಾಸವನ್ನು ‘ಕ್ಲೋನ್ ಬಂಡಲ್’ ಎಂಬ ಒಂದೇ ಕಡತವಾಗಿ ಇಟ್ಟಿದ್ದಾರೆ. ಕಡತ ಇಳಿಸುವ ಉಪಕರಣ ಡಬ್ಲ್ಯೂಗೆಟ್‌ನ ‘-ಸಿ’ ಆಯ್ಕೆಯಿಂದ ಇಳಿಸಿಕೊಂಡರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅಥವಾ ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲಿರುವ ಗೆಳೆಯರಿಂದ ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ, ಅದರಿಂದಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಇತಿಹಾಸ ಕತ್ತರಿಸಿದ ಶ್ಯಾಲೋ ಕ್ಲೋನ್ ಬೈಸೆಕ್ಟ್‌ಗೆ ಪ್ರಯೋಜನಕ್ಕೆ ಬಾರದು.

ಕಟ್ಟುವಾಗ ವಿತರಣೆಯ ಪೂರ್ಣ ಕಾನ್ಫಿಗ್ (ಏನೇನು ಕಟ್ಟಬೇಕೆಂಬ ಪಟ್ಟಿ) ಇಟ್ಟುಕೊಂಡರೆ ಸಾವಿರಾರು ಮಾಡ್ಯೂಲ್‌ಗಳು, ಹಳೆಯ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ. ಬೇಕಾದ ಸಾಧನಗಳನ್ನೆಲ್ಲ ಜೋಡಿಸಿ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟರೆ ಆಗ ಬಳಕೆಯಲ್ಲಿರುವ ಮಾಡ್ಯೂಲ್‌ಗಳು ಮಾತ್ರ ಉಳಿಯುತ್ತವೆ, ಸಮಯ ಬಹಳ ಇಳಿಯುತ್ತದೆ. ಹಿಂದೆ ಕಟ್ಟಿದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಷ್ ಹಾಕಿಕೊಂಡರೆ ಮುಂದಿನ ಹೆಜ್ಜೆಗಳು ಇನ್ನೂ ಬೇಗ. ನಡುವೆ ಕರೆಂಟು ಹೋದರೆ ‘ಮೇಕ್’ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಕೊನೆಯ ಆಬ್ಜೆಕ್ಟ್ ಕಡತ ಸೊನ್ನೆ ಗಾತ್ರದ್ದಾಗಿದ್ದರೆ ಅಳಿಸಿ. ಬೈಸೆಕ್ಟ್‌ನ ಸ್ಥಿತಿಯೂ ಡಿಸ್ಕಿನಲ್ಲೇ ಇರುತ್ತದೆ. ಆದರೂ ಪ್ರತಿ ಹೆಜ್ಜೆಯ ಬಳಿಕ ‘ಗಿಟ್ ಬೈಸೆಕ್ಟ್ ಲಾಗ್’ ಅನ್ನು ಬೇರೆ ಕಡತಕ್ಕೆ ಉಳಿಸಿಟ್ಟುಕೊಳ್ಳಿ, ‘ರಿಪ್ಲೇ’ ಕೊಟ್ಟು ಮರಳಿ ಅದೇ ಜಾಗಕ್ಕೆ ಬರಬಹುದು.

ಇದೇ ಕೆಲಸವನ್ನು ವಿಂಡೋಸ್‌ನಲ್ಲಿ ಮಾಡುವುದು ಹೇಗೆ?

ನೀಲಿ ಪರದೆ ಬಂದರೆ ವಿಂಡೋಸ್ ಕಡತಕೋಶದೊಳಗಿನ ಮಿನಿಡಂಪ್ ಕೋಶದಲ್ಲಿ ಪುಟ್ಟ ಡಂಪ್ ಇರುತ್ತದೆ, ಮೈಕ್ರೋಸಾಫ್ಟ್‌ನ ಡೀಬಗರ್ ಆದ ವಿಂಡ್‌ಬಿಜಿಯಲ್ಲಿ ತೆರೆದು ನೋಡಬಹುದು. ಡ್ರೈವರ್ ಮೇಲೆ ಸಂಶಯವಿದ್ದರೆ ಡ್ರೈವರ್ ವೆರಿಫೈಯರ್ ಬಳಸಿ. ಕ್ರಮವನ್ನು ಚಿಕ್ಕದು ಮಾಡುವ ವಿಧಾನ ಎರಡೂ ಕಡೆ ಒಂದೇ.

ವರದಿ ಯಾರಿಗೆ ಬರೆಯಬೇಕು? ಅವರು ನಮ್ಮಂಥವರ ಮಾತು ಕೇಳುತ್ತಾರೆಯೇ?

ಕೇಳುತ್ತಾರೆ, ವರದಿ ಚೆನ್ನಾಗಿದ್ದರೆ. ಬರೆದವರು ಬೆಂಗಳೂರಿನವರೋ ಕೊಪ್ಪದವರೋ ಎಂದು ಯಾರೂ ನೋಡುವುದಿಲ್ಲ. ವಿತರಣೆಯ ಕರ್ನಲ್ ಆದರೆ ಮೊದಲು ವಿತರಣೆಯವರಿಗೆ ತಿಳಿಸಿ. ಮೂಲ ಕರ್ನಲ್ ಅಭಿವೃದ್ಧಿಗಾರರಿಗೆ ಬರೆಯುವುದಾದರೆ ಇತ್ತೀಚಿನ ಮೂಲ ಕರ್ನಲ್‌ನಲ್ಲಿ, ಹೊರಗಿನ ಮಾಡ್ಯೂಲ್ ಯಾವುದೂ ಇಲ್ಲದೆ ಮರುಕಳಿಸಿ ನೋಡಿರಬೇಕು. ಯಾರಿಗೆ ಕಳಿಸಬೇಕೆಂದು ಕರ್ನಲ್ ಮೂಲದ ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ. ಹಿಂದೆ ಸರಿಯಿದ್ದದ್ದು ಈಗ ಕೆಟ್ಟಿದ್ದರೆ ವಿಷಯದ ಸಾಲಿನಲ್ಲಿ ‘ರಿಗ್ರೆಷನ್’ ಎಂದು ಬರೆಯಿರಿ, ಅಂಥವಕ್ಕೆ ಮೇಂಟೇನರುಗಳು (ಕರ್ನಲ್‌ನ ಆಯಾ ಭಾಗ ನೋಡಿಕೊಳ್ಳುವವರು) ಆದ್ಯತೆ ಕೊಡುತ್ತಾರೆ. ಅಲಂಕಾರವಿಲ್ಲದ ಸರಳ ಅಕ್ಷರದ ಇ-ಮೇಲ್ ಇರಲಿ, ಎಚ್‌ಟಿಎಂಎಲ್ ಬೇಡ. ಕ್ರ್ಯಾಶ್ ಸಂದೇಶ ಪೂರ್ತಿ ಇರಲಿ, ನಿಮಗೆ ಮುಖ್ಯವೆನಿಸಿದ ನಾಲ್ಕು ಸಾಲು ಮಾತ್ರ ಅಲ್ಲ. ಕಾರಣ ಗೊತ್ತಿಲ್ಲದಿದ್ದರೆ ಊಹೆಯನ್ನು ಊಹೆ ಎಂದೇ ಬರೆಯಿರಿ. ಸರಳವಾದ ಇಂಗ್ಲಿಷ್ ಸಾಕು, ವ್ಯಾಕರಣಕ್ಕೆ ಹೆದರಿ ವರದಿ ಬರೆಯದೆ ಇರಬೇಡಿ.

ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರ ಒಂದು ಆದೇಶದಿಂದ ಯಂತ್ರವನ್ನು ಕೆಡವಬಲ್ಲನಾದರೆ ಅದು ಭದ್ರತೆಯ ವಿಷಯ. ಅದನ್ನು ಬಹಿರಂಗವಾಗಿ ಬರೆಯದೆ ಕರ್ನಲ್ ಭದ್ರತಾ ತಂಡಕ್ಕೆ ಖಾಸಗಿಯಾಗಿ ಕಳಿಸಿ.

ಪರಿಹಾರದ ಪ್ಯಾಚ್ ಬಂದರೆ ಅದನ್ನು ಹಾಕಿ ನಿಮ್ಮ ಎರಡು ಹೆಜ್ಜೆಯ ಕ್ರಮವನ್ನು ಮತ್ತೆ ಮಾಡಿ, ಫಲಿತಾಂಶ ತಿಳಿಸಿ. ವರದಿ ಮಾಡಿದವರ, ಪರೀಕ್ಷಿಸಿದವರ ಹೆಸರನ್ನು ಆ ಬದಲಾವಣೆಯ ಜೊತೆಗೇ ದಾಖಲಿಸುವ ಪದ್ಧತಿ ಕರ್ನಲ್ ಇತಿಹಾಸದಲ್ಲಿದೆ.

ಸರಿಪಡಿಸಿದ ಕರ್ನಲ್ ಬರುವವರೆಗೆ ಕೆಲಸ ನಡೆಸುವುದು ಹೇಗೆ?

ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ ಇನ್ನೂ ಇರುತ್ತದೆ, ಅದು ಸರಿಯಿದ್ದರೆ ಅದನ್ನೇ ಆಯ್ದುಕೊಂಡು, ಅಪ್‌ಡೇಟ್ ಅದನ್ನು ಅಳಿಸದಂತೆ ತಡೆದಿಡಿ. ಹೆಚ್ಚು ದಿನ ಹಾಗೆ ಬಿಡಬೇಡಿ, ಭದ್ರತಾ ಪರಿಹಾರಗಳು ತಪ್ಪಿಹೋಗುತ್ತವೆ. ತಪ್ಪು ಒಂದು ಮಾಡ್ಯೂಲಿನದೆಂದು ಖಚಿತವಾದರೆ ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ತಾನಾಗಿ ಲೋಡ್ ಆಗದಂತೆ ತಡೆಯಿರಿ. ಮಂಡಿಯಲ್ಲಿ ಮಾಡಿದ್ದೂ ಇದನ್ನೇ: ಸಿಡಿಯ ಡ್ರೈವರ್ ತೆಗೆದ ಮೇಲೆ ಕರ್ನಲ್ ಜೊತೆಗೇ ಬರುವ ಸಾಮಾನ್ಯ ಸೀರಿಯಲ್ ಡ್ರೈವರ್ ತೂಕದ ಯಂತ್ರವನ್ನು ತಾನಾಗಿಯೇ ಗುರುತಿಸಿತು. ಪೋರ್ಟಿನ ಹೆಸರನ್ನು ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಬದಲಿಸಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಆಮೇಲೆ ಪ್ರೋಗ್ರಾಂ ತೆರೆದಿಟ್ಟು ಸ್ವಿಚ್ ಆರಿಸಿ ಹಾಕಿ, ಕೇಬಲ್ ಕಿತ್ತು ಸಿಕ್ಕಿಸಿ ನೋಡಿದೆವು, ಯಂತ್ರ ಅಲುಗಲಿಲ್ಲ. ತೂಕದ ಯಂತ್ರವನ್ನೂ ಯುಪಿಎಸ್‌ಗೆ ಸೇರಿಸಿದರು, ಆದರೆ ಅದನ್ನು ಮಾಡಿದ್ದು ಕ್ರ್ಯಾಶ್ ಹೋದದ್ದು ಖಚಿತವಾದ ಮೇಲೆ.

ಯಾರೂ ಪಕ್ಕದಲ್ಲಿ ಇರದ ಯಂತ್ರವಾದರೆ ‘ಕರ್ನಲ್ ಪ್ಯಾನಿಕ್’ ಸೆಟ್ಟಿಂಗಿಗೆ 10 ಎಂದು ಕೊಡಿ, ಪ್ಯಾನಿಕ್ ಆದ 10 ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತದೆ. ತನಿಖೆ ನಡೆಯುತ್ತಿರುವಾಗ ಮಾತ್ರ ಅದನ್ನು 0 ಆಗಿಯೇ ಇಡಿ, ಇಲ್ಲವಾದರೆ ನೀವು ಮೊಬೈಲ್ ತೆಗೆಯುವಷ್ಟರಲ್ಲಿ ಪರದೆ ಖಾಲಿಯಾಗಿರುತ್ತದೆ.